ನೋಂಪಿ ಉಳಿಯಿತು, ನೋನುವುದು ಮರೆತುಹೋಯಿತು

ಹಳಗನ್ನಡದ ನಾಲ್ಕು ಪದ್ಯ ಓದಿದವರನ್ನು ‘ನೋಂಪಿ’ ಎಂದರೇನು ಎಂದು ಕೇಳಿದರೆ ‘ವ್ರತ’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಅದೇ ಮಾತನ್ನು ಮುಂದುವರಿಸಿ, ‘ಅವಳು ನಾಳೆ ಆ ನೋಂಪಿಯನ್ನು...’ ಎಂಬ ವಾಕ್ಯ ಪೂರ್ತಿಮಾಡಿ ಎಂದರೆ ‘ಮಾಡುತ್ತಾಳೆ’ ಎಂದೋ ‘ಆಚರಿಸುತ್ತಾಳೆ’ ಎಂದೋ ಮುಗಿಸುತ್ತಾರೆ. ‘ನೋನುತ್ತಾಳೆ’ ಎನ್ನುವವರು ಬಹಳ ವಿರಳ. ‘ನಿನ್ನೆ ನೋಂತಳು’ ಎನ್ನುವವರು ಇನ್ನೂ ವಿರಳ. ನಾಮಪದ ಉಳಿದಿದೆ, ಅದನ್ನು ಹೆತ್ತ ಕ್ರಿಯಾಪದ ಬಳಕೆಯಿಂದ ಸರಿದುಹೋಗಿದೆ.

ಇದು ಒಂದು ಧಾತುವಿನ ಕಥೆಯಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಮೀಯು, ಈಯು, ಆನು, ನೋನು, ಮುಡಿಪು ಮುಂತಾದ ಎಷ್ಟೋ ಅಚ್ಚಕನ್ನಡ ಕ್ರಿಯಾಪದಗಳು ಇದೇ ದಾರಿ ಹಿಡಿದಿವೆ. ಇವು ಏಕೆ ಹಿಂದೆ ಸರಿದವು, ಸಾಹಿತ್ಯದಲ್ಲಿ ಹೇಗೆ ಉಳಿದವು, ನಿಘಂಟುಗಳೂ ವ್ಯಾಕರಣಗಳೂ ಇವನ್ನು ಹೇಗೆ ನಡೆಸಿಕೊಂಡವು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ವಿಷಯ ಖಚಿತವಾಗುತ್ತದೆ. ಅಪರೂಪದ ಕ್ರಿಯಾಪದ ಮೊದಲು ಕಳೆದುಕೊಳ್ಳುವುದು ತನ್ನ ಭೂತಕಾಲದ ರೂಪವನ್ನು. ಅರ್ಥ ಎಲ್ಲರಿಗೂ ಗೊತ್ತಿರುತ್ತದೆ, ಆದರೆ ‘ನಿನ್ನೆ’ ಎಂದು ಶುರುಮಾಡಿದ ವಾಕ್ಯವನ್ನು ಮುಗಿಸಲು ನಾಲಿಗೆ ತಡವರಿಸುತ್ತದೆ. ಅಲ್ಲಿಂದಾಚೆಗೆ ಆ ಕ್ರಿಯಾಪದವನ್ನು ಯಾರೂ ಬಾಯಿಗೆ ತಂದುಕೊಳ್ಳುವುದಿಲ್ಲ.

ಈ ಪ್ರಶ್ನೆಯನ್ನು ನೋಡಲು ಚೆನ್ನೈ ಒಳ್ಳೆಯ ಜಾಗ. ಕನ್ನಡ, ತಮಿಳು, ತೆಲುಗು, ಮಲಯಾಳಂ ನಾಲ್ಕನ್ನೂ ಒಂದೇ ಊರಿನಲ್ಲಿ ಕಲಿಸಿದ, ನಾಲ್ಕರ ಹಸ್ತಪ್ರತಿಗಳನ್ನೂ ಕೂಡಿಟ್ಟ, ನಿಘಂಟುಗಳನ್ನು ಅಚ್ಚುಮಾಡಿದ ನಗರ ಅದು. ದಕ್ಷಿಣ ಕನ್ನಡ ಜಿಲ್ಲೆಯೂ ಕೊಳ್ಳೇಗಾಲವೂ 1956ರವರೆಗೆ, ಬಳ್ಳಾರಿ 1953ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದವು. ಆದ್ದರಿಂದ ಕನ್ನಡದ ಪಾಂಡಿತ್ಯದ ಒಂದು ದೊಡ್ಡ ಪಾಲು ನಡೆದದ್ದು ಅಲ್ಲಿ. ‘ನೋನ್’ ಎಂಬ ಧಾತುವಿನ ಗತಿ ಅರಿಯಲು ಬೇಕಾದ ಸಾಕ್ಷ್ಯಗಳಲ್ಲಿ ಬಹುಪಾಲು ಆ ಊರಿನ ಪುಸ್ತಕಗಳಲ್ಲೂ ಬೀದಿಗಳಲ್ಲೂ ಸಿಗುತ್ತವೆ.

ಧಾತುವಿನ ರೂಪಗಳು

ಮೊದಲು ರೂಪಗಳನ್ನೇ ನೋಡೋಣ. ಹಳಗನ್ನಡದಲ್ಲಿ ಧಾತು ನೋನ್. ಅರ್ಥ: ವ್ರತ ಹಿಡಿ, ತಪಸ್ಸಿನಂಥ ಕಷ್ಟವನ್ನು ಮನಸಾರೆ ಹೊರು. ಭೂತಕಾಲದಲ್ಲಿ ನೋಂತೆಂ, ನೋಂತಯ್, ನೋಂತಂ, ನೋಂತಳ್, ನೋಂತರ್, ನೋಂತುದು. ಭವಿಷ್ಯತ್ತಿನಲ್ಲಿ ನೋಂಪೆಂ, ನೋಂಪಂ, ನೋಂಪರ್. ನಿಷೇಧದಲ್ಲಿ ನೋನೆಂ, ನೋನಂ, ನೋನರ್. ಕೃದಂತಗಳಲ್ಲಿ ನೋಂತ, ನೋಂಪ, ನೋನದ. ಅವ್ಯಯರೂಪಗಳಲ್ಲಿ ನೋಂತು, ನೋನಲ್, ನೋನದೆ. ಭಾವನಾಮ ನೋಂಪಿ. ಹೊಸಗನ್ನಡಕ್ಕೆ ತಂದರೆ ನೋನುತ್ತಾಳೆ, ನೋಂತಳು, ನೋನುವಳು, ನೋನಳು, ನೋನದೆ ಎಂದು ತೊಡಕಿಲ್ಲದೆ ನಡೆಯುತ್ತದೆ.

ಇದರಲ್ಲಿ ಗಮನಿಸಬೇಕಾದ್ದು ಭೂತಕಾಲದ ‘ತ’. ನಕಾರದಲ್ಲಿ ಮುಗಿಯುವ, ದಿನವೂ ಬಳಸುವ ಧಾತುಗಳು ‘ದ’ ತೆಗೆದುಕೊಳ್ಳುತ್ತವೆ: ತಿನ್ ಎಂಬುದು ತಿಂದ ಆಗುತ್ತದೆ, ಎನ್ ಎಂಬುದು ಎಂದ ಆಗುತ್ತದೆ. ಅದೇ ಜಾಡಿನಲ್ಲಿ ಹೋದರೆ ನೋನ್ ಧಾತು ‘ನೋಂದ’ ಆಗಬೇಕಿತ್ತು. ಆಗುವುದು ನೋಂತ. ಇದಕ್ಕೆ ಜೊತೆಗಾರ ಒಂದಿದೆ: ಆನ್. ತಾಳಿಕೊ, ಎದುರಿಸು, ಆಧಾರ ಪಡೆ ಎಂಬ ಅರ್ಥದ ಈ ಧಾತು ಆಂತಂ, ಆಂತು ಎಂದಾಗುತ್ತದೆ. ಗೋಡೆಗೆ ‘ಆತುಕೊಂಡು’ ನಿಂತ ಎನ್ನುವಾಗ ನಾವು ಇಂದಿಗೂ ಆ ಹಳೆಯ ಆಂತು ರೂಪವನ್ನೇ ಸವೆಸಿ ಬಳಸುತ್ತಿದ್ದೇವೆ.

ತ ಮತ್ತು ದ ನಡುವಿನ ಈ ಸಣ್ಣ ಅಂತರ ಎಷ್ಟು ಮುಖ್ಯ ಎಂಬುದು ಪಕ್ಕದಲ್ಲಿ ಇನ್ನೊಂದು ಧಾತುವನ್ನು ಇಟ್ಟಾಗ ಗೊತ್ತಾಗುತ್ತದೆ. ನೋವು ಪಡು ಎಂಬ ಅರ್ಥದ ‘ನೋ’ ಭೂತದಲ್ಲಿ ನೊಂದ, ನೊಂದು ಎಂದಾಗುತ್ತದೆ. ನೊಂದು, ನೋಂತು: ಕಣ್ಣಿಗೂ ಕಿವಿಗೂ ಹತ್ತಿರದ ರೂಪಗಳು. ಹಳೆಯ ಬರವಣಿಗೆಯಲ್ಲಿ ಒ ಮತ್ತು ಓ ಸ್ವರಗಳನ್ನು ಬೇರೆಬೇರೆಯಾಗಿ ಗುರುತಿಸುವ ರೂಢಿ ಇರಲಿಲ್ಲ. ಓಲೆಗರಿಯಲ್ಲಿ ಎರಡಕ್ಕೂ ಒಂದೇ ಚಿಹ್ನೆ. ಇಂಥ ಕಡೆ ಸಂಪಾದಕರು ಛಂದಸ್ಸಿನ ಮೊರೆಹೋಗುತ್ತಾರೆ. ಲಘು ಬರಬೇಕೋ ಗುರು ಬರಬೇಕೋ ಎಂದು ಎಣಿಸಿ ಹ್ರಸ್ವದೀರ್ಘ ತೀರ್ಮಾನಿಸುತ್ತಾರೆ. ಇಲ್ಲಿ ಆ ನೆರವೂ ಇಲ್ಲ. ಬಿಂದು ಸೇರಿದ್ದರಿಂದ ‘ನೊಂ’ ಕೂಡ ಗುರು, ‘ನೋಂ’ ಕೂಡ ಗುರು. ಉಳಿಯುವ ಒಂದೇ ಗುರುತು ಆಮೇಲೆ ಬರುವ ಅಕ್ಷರ. ದ ಇದ್ದರೆ ತಾನಾಗಿ ಬಂದ ನೋವು, ತ ಇದ್ದರೆ ತಾನೇ ಹೊತ್ತ ಕಷ್ಟ. ಲಿಪಿಕಾರನ ಕೈ ಅಲ್ಲಿ ಜಾರಿದರೆ ತಪಸ್ವಿನಿ ದುಃಖಿತೆಯಾಗಿಬಿಡುತ್ತಾಳೆ. ಹಳೆಯ ಗ್ರಂಥ ಸಂಪಾದಿಸುವವರು ಅಪರೂಪದ ಧಾತುವಿನ ರೂಪಾವಳಿಯನ್ನು ಬಾಯಿಪಾಠವಾಗಿ ಅರಿತಿರಬೇಕು ಎನ್ನುವುದು ಇದಕ್ಕೇ.

ಕಲ್ಲಿನಲ್ಲಿ, ಕಾವ್ಯದಲ್ಲಿ

ನೋನ್ ಧಾತುವಿನ ಹಳೆಯ ಸಾಕ್ಷ್ಯಗಳು ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿವೆ. ಏಳು, ಎಂಟನೆಯ ಶತಮಾನಗಳ ನಿಸಿದಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ನೋನ್ತು ಮುಡಿಪ್ಪಿದರ್’: ವ್ರತ ಹಿಡಿದು ದೇಹ ಬಿಟ್ಟರು. ಗುರುಗಳ ಹೆಸರೂ ಇದೆ, ಕಂತಿಯರ (ಜೈನ ಸನ್ಯಾಸಿನಿಯರ) ಹೆಸರೂ ಇದೆ. ನಾಗಮತಿ ಗಂತಿಯರ ಶಾಸನ ಅವರು ಮೂರು ತಿಂಗಳು ನೋಂತು ಮುಡಿಪಿದರೆಂದು ಹೇಳುತ್ತದೆ. ಅಲ್ಲಿಯ ವಾಕ್ಯರಚನೆಯನ್ನು ಸ್ವಲ್ಪ ನಿಂತು ನೋಡಬೇಕು. ‘ವ್ರತ’ ಎಂಬ ನಾಮಪದ ಅಲ್ಲಿ ಬೇಕಾಗಿಯೇ ಇಲ್ಲ. ಮೂರು ತಿಂಗಳು ಎಂಬ ಕಾಲವಾಚಕ ನೇರವಾಗಿ ಧಾತುವಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಇಂದು ನಾವು ಇದನ್ನು ಬರೆದರೆ ‘ಮೂರು ತಿಂಗಳ ಕಾಲ ಸಲ್ಲೇಖನ ವ್ರತವನ್ನು ಆಚರಿಸಿ’ ಎಂದು ಆರು ಪದ ಜೋಡಿಸುತ್ತೇವೆ. ಕಲ್ಲು ಕಡೆದವನು ಮೂರರಲ್ಲಿ ಮುಗಿಸಿದ್ದಾನೆ, ನಾಗಮತಿಯ ಮನೋಬಲವೂ ಅಷ್ಟರಲ್ಲೇ ನಿಚ್ಚಳವಾಗಿ ಕಾಣುತ್ತದೆ.

ಆ ಜೋಡಿಯ ಎರಡನೆಯ ಪದಕ್ಕೂ ಇದೇ ಗತಿ ಆಯಿತು. ಮುಡಿಪು ಎಂಬುದು ಅಲ್ಲಿ ಕ್ರಿಯಾಪದ: ಮುಗಿಸು, ಕೊನೆಗಾಣಿಸು. ನಮಗೆ ಉಳಿದಿರುವುದು ‘ಮುಡಿಪು’ ಎಂಬ ನಾಮಪದ ಮಾತ್ರ. ತಿರುಪತಿಗೆ ಮುಡಿಪು ಕಟ್ಟುತ್ತೇವೆ, ಜೀವನವನ್ನು ನಾಡಿಗೆ ಮುಡಿಪಾಗಿಡುತ್ತೇವೆ. ‘ಮುಡಿಪಿದಳು’ ಎನ್ನುವುದಿಲ್ಲ.

ಕಾವ್ಯಕ್ಕೆ ಬಂದರೆ, ಪಂಪನ ‘ಆದಿಪುರಾಣ’ದಲ್ಲಿ (941) ಒಂದು ಇಡೀ ಭವಾವಳಿ ಈ ಕ್ರಿಯೆಯ ಮೇಲೆ ನಿಂತಿದೆ. ಹೆಸರೇ ಇಲ್ಲದವಳೆಂದು ನಿರ್ನಾಮಿಕೆ ಎನಿಸಿಕೊಂಡ ಬಡಹುಡುಗಿ ಪಿಹಿತಾಸ್ರವ ಮುನಿಯಿಂದ ಜಿನಗುಣಸಂಪತ್ತಿ, ಶ್ರುತಜ್ಞಾನ ಎಂಬ ನೋಂಪಿಗಳನ್ನು ಪಡೆದು ನೋಂತು, ಮುಂದಿನ ಜನ್ಮದಲ್ಲಿ ಲಲಿತಾಂಗದೇವನ ಸ್ವಯಂಪ್ರಭೆಯಾಗುತ್ತಾಳೆ. ಅದರಾಚೆ ವಜ್ರಜಂಘನ ಶ್ರೀಮತಿಯಾಗುತ್ತಾಳೆ. ಜನ್ಮದಿಂದ ಜನ್ಮಕ್ಕೆ ಕಥೆ ದಾಟುವುದು ‘ನೋಂತು’ ಎಂಬ ಭೂತಕೃದಂತದ ಮೂಲಕ. ಮೊದಲಿನ ಕ್ರಿಯೆ ಮುಗಿದು ಅದರ ಫಲ ಮುಂದಕ್ಕೆ ಹರಿಯಿತೆಂದು ಹೇಳಲು ಕನ್ನಡಕ್ಕೆ ಇದಕ್ಕಿಂತ ಒಪ್ಪುವ ರೂಪ ಬೇರೊಂದಿಲ್ಲ. ಜನ್ನನ ‘ಯಶೋಧರ ಚರಿತೆ’ಗೂ (1209) ಜೀವದಯಾಷ್ಟಮಿಯ ನೋಂಪಿಗೂ ನಂಟಿದೆ. ಜೈನ ಮನೆಗಳಲ್ಲಿ ಓದಿ ಕೇಳುತ್ತಿದ್ದ ನೋಂಪಿಯ ಕಥೆಗಳು ಗದ್ಯದಲ್ಲಿ ಒಂದು ಪ್ರತ್ಯೇಕ ಪರಂಪರೆಯಾಗಿಯೇ ಬೆಳೆದವು.

ಚಂಪೂಕವಿಗಳ ಕೈಯಲ್ಲಿ ಈ ಧಾತು ಇನ್ನೊಂದು ಬಗೆಯ ಮಾತನ್ನೂ ಕಲಿಯಿತು. ಸೌಭಾಗ್ಯ ಕಂಡು ಬೆರಗಾದಾಗ ‘ಏಂ ನೋಂತಳೋ’ ಎನ್ನುವ ಉದ್ಗಾರ. ಇಲ್ಲಿ ವ್ರತದ ವಿಧಿವಿಧಾನ ಹಿಂದಕ್ಕೆ ಸರಿಯುತ್ತದೆ, ‘ಇಂಥದ್ದು ದಕ್ಕಲು ಹಿಂದೆ ಏನೆಲ್ಲ ಸಹಿಸಿರಬೇಕು’ ಎಂಬ ಭಾವ ಮುಂದೆ ಬರುತ್ತದೆ. ಈ ಉದ್ಗಾರ ಇಂದಿಗೂ ನಮ್ಮ ಮನೆಗಳಲ್ಲಿದೆ, ಕ್ರಿಯಾಪದ ಮಾತ್ರ ಬದಲಾಗಿದೆ. ‘ಏನು ಪುಣ್ಯ ಮಾಡಿದ್ದಳೋ’ ಎನ್ನುತ್ತೇವೆ, ‘ಪಡೆದುಕೊಂಡು ಬಂದಿದ್ದಾಳೆ’ ಎನ್ನುತ್ತೇವೆ. ಭಾವ ಬಿಡಲಿಲ್ಲ, ಧಾತು ಬಿಟ್ಟೆವು. ಇಪ್ಪತ್ತನೆಯ ಶತಮಾನದಲ್ಲಿ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ಗಾಗಿ (1949) ಹಳಗನ್ನಡದ ಧಾತುರೂಪಗಳನ್ನು ಧಾರಾಳವಾಗಿ ಮರಳಿ ಕರೆತಂದದ್ದು ಇಂಥ ನಷ್ಟವನ್ನು ಒಬ್ಬ ಕವಿ ತನ್ನ ಮಟ್ಟಿಗೆ ತುಂಬಿಕೊಡಲು ಯತ್ನಿಸಿದ ದೊಡ್ಡ ನಿದರ್ಶನ.

ವ್ಯಾಕರಣಕಾರರ ದಾರಿ

ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು (ಸುಮಾರು 1260) ಬರೆಯುವಾಗ ಆಖ್ಯಾತಕ್ಕೆ ಒಂದು ಪ್ರಕರಣ, ಧಾತುವಿಗೆ ಇನ್ನೊಂದು ಪ್ರಕರಣ ಮೀಸಲಿಟ್ಟ. ಭೂತಕ್ಕೆ ದ, ವರ್ತಮಾನಕ್ಕೆ ದಪ, ಭವಿಷ್ಯತ್ತಿಗೆ ವ ಎಂಬ ಕಾಲಸೂಚಕ ಪ್ರತ್ಯಯಗಳನ್ನು ಹೇಳಿ, ಅವು ಎಲ್ಲಿ ರೂಪ ಬದಲಿಸುತ್ತವೆ ಎಂಬುದನ್ನೂ ಹೇಳುವ ಹೊಣೆ ಹೊತ್ತ. ಧಾತುಪಾಠವನ್ನು ಕಟ್ಟಿಕೊಟ್ಟ. ಕೊನೆಯ ಪ್ರಯೋಗಸಾರದಲ್ಲಿ ಅಪೂರ್ವ ಶಬ್ದಗಳಿಗೆ ಅರ್ಥ ಬರೆದ. ಹದಿಮೂರನೆಯ ಶತಮಾನದಲ್ಲೇ ಎಷ್ಟೋ ಪದಗಳಿಗೆ ವಿವರಣೆ ಬೇಕಾಗಿತ್ತು ಎಂಬುದಕ್ಕೆ ಆ ಭಾಗವೇ ಸಾಕ್ಷಿ. 1604ರಲ್ಲಿ ಭಟ್ಟಾಕಳಂಕ 592 ಸಂಸ್ಕೃತ ಸೂತ್ರಗಳಲ್ಲಿ ‘ಶಬ್ದಾನುಶಾಸನ’ ರಚಿಸಿ ಈ ಕೆಲಸವನ್ನು ಇನ್ನಷ್ಟು ವಿಸ್ತಾರವಾಗಿ ಮಾಡಿದ.

ಭೂತಕಾಲದ ರೂಪ ಗೊತ್ತಿಲ್ಲದಿದ್ದರೆ ಧಾತುವಿನ ಅರ್ಥವೂ ಕೈತಪ್ಪುತ್ತದೆ ಎಂಬುದಕ್ಕೆ ಒಂದು ನಿದರ್ಶನ ಇಲ್ಲೇ ನೋಡಬಹುದು. ‘ಈಯು’ ಎಂಬ ಎರಡು ಕ್ರಿಯಾಪದಗಳಿವೆ. ಒಂದು ಕೊಡು ಎಂಬ ಅರ್ಥದ್ದು. ಅದರ ಭೂತ ಇತ್ತ. ಇನ್ನೊಂದು ಮರಿಹಾಕು ಎಂಬ ಅರ್ಥದ್ದು. ಅದರ ಭೂತ ಈದ, ಹಳಗನ್ನಡದಲ್ಲಿ ಈಂದ. ದೊರೆ ಭೂಮಿಯನ್ನು ಇತ್ತ. ಕೊಟ್ಟಿಗೆಯ ಎಮ್ಮೆ ಈದಿದೆ. ‘ಈಯುವ’ ಎಂದಷ್ಟೇ ಹೇಳಿದರೆ ಯಾವುದೆಂದು ತಿಳಿಯದು, ಭೂತಕ್ಕೆ ಹೋದಕೂಡಲೇ ಎರಡೂ ಬೇರೆಯಾಗುತ್ತವೆ. ಇಂಗ್ಲಿಷಿನಲ್ಲೂ ಇಂಥ ಜೋಡಿ ಉಂಟು: ‘ಕ್ಲೀವ್’. ಸೀಳು ಎಂಬುದೂ ಅದೇ, ಅಂಟಿಕೊ ಎಂಬುದೂ ಅದೇ. 1611ರ ಇಂಗ್ಲಿಷ್ ಬೈಬಲಿನಲ್ಲಿ ಅಬ್ರಹಾಮ ಕಟ್ಟಿಗೆ ಸೀಳಿದ್ದಕ್ಕೂ ರೂತಳು ಅತ್ತೆಯನ್ನು ಬಿಡದೆ ಅಂಟಿಕೊಂಡದ್ದಕ್ಕೂ ‘ಕ್ಲೇವ್’ ಎಂಬ ಒಂದೇ ಭೂತರೂಪ ಬಂದಿದೆ; ಸಂದರ್ಭವೇ ಗತಿ. ಮುಂದೆ ಸೀಳುವ ಅರ್ಥಕ್ಕೆ ‘ಕ್ಲೋವನ್’, ‘ಕ್ಲೆಫ್ಟ್’ ಎಂಬ ಕೃದಂತಗಳು ನಿಂತವು. ಗೊರಸಿನ ಬಗ್ಗೆ, ಸೀಳುತುಟಿಯ ಬಗ್ಗೆ ಆ ಪದಗಳು ಇಂದಿಗೂ ನಡೆಯುತ್ತವೆ, ಮೂಲ ಕ್ರಿಯಾಪದ ಮಾತ್ರ ಪುಸ್ತಕದ್ದಾಗಿದೆ. ಆದರೆ 1884ರಿಂದ 1928ರವರೆಗೆ ಭಾಗಭಾಗವಾಗಿ ಬಂದ ಆಕ್ಸ್‌ಫರ್ಡ್ ನಿಘಂಟು ಇಂಥ ಪ್ರತಿಯೊಂದು ಕ್ರಿಯಾಪದಕ್ಕೂ ಯಾವ ಶತಮಾನದಲ್ಲಿ ಯಾವ ರೂಪ ಇತ್ತೆಂದು ಸಾಲಾಗಿ ದಾಖಲಿಸಿತು. ಬಳಕೆಯಲ್ಲಿ ಕಳೆದದ್ದು ದಾಖಲೆಯಲ್ಲಿ ಕಳೆಯಲಿಲ್ಲ.

ನಾಲ್ಕು ನುಡಿ, ನಾಲ್ಕು ಗತಿ

ನೋನ್ ಧಾತುವಿನ ಒಡಹುಟ್ಟುಗಳು ಉಳಿದ ಮೂರು ನುಡಿಗಳಲ್ಲೂ ಇವೆ. ಒಂದೊಂದರ ಗತಿಯೂ ಬೇರೆ. ಚೆನ್ನೈಯಲ್ಲಿ ನಿಂತು ಕಿವಿಗೊಟ್ಟರೆ ಎಲ್ಲವನ್ನೂ ಹೋಲಿಸಬಹುದು.

ತಮಿಳಿನಲ್ಲಿ ಧಾತು ನೋಲ್. ಭೂತದಲ್ಲಿ ‘ನೋಱ್ಱ’, ಭವಿಷ್ಯತ್ತಿನಲ್ಲಿ ‘ನೋಱ್ಪ’. ತಿರುಕ್ಕುರಳಿನ 27ನೆಯ ಅಧಿಕಾರ (ಅಧ್ಯಾಯ) ತಪಸ್ಸಿನದು. ಅದರ ಕೊನೆಯ ಕುರಳಿನಲ್ಲಿ ‘ನೋಱ್ಪಾರ್’, ‘ನೋಲಾದವರ್’ ಎಂಬ ವಿಧಿ ನಿಷೇಧಗಳೆರಡೂ ಎದುರುಬದುರಾಗಿವೆ: ನೋನುವವರು, ನೋನದವರು. ಆ ಅಧಿಕಾರದ ಮೊದಲ ಕುರಳಿನಲ್ಲಿ ತಿರುವಳ್ಳುವರ್ ನೋವನ್ನು ಹೇಳುವ ‘ನೋಯ್’ ಪದದ ಪಕ್ಕದಲ್ಲೇ ಸಹನೆಯನ್ನು ಹೇಳುವ ‘ನೋನ್ಱಲ್’ ಇಟ್ಟಿದ್ದಾರೆ. ಕನ್ನಡದ ನೊಂದು, ನೋಂತುಗಳ ನಡುವಿನ ಅದೇ ಗೆರೆ ಅಲ್ಲಿಯೂ ಇದೆ: ಬಂದ ನೋವು ಒಂದು, ಅದನ್ನು ಹೊತ್ತು ನಿಲ್ಲುವ ಬಲ ಇನ್ನೊಂದು. ಆಂಡಾಳ್ ಹಾಡಿದ ತಿರುಪ್ಪಾವೈಯ 30 ಪಾಶುರಗಳು ಹುಟ್ಟಿದ್ದೇ ಪಾವೈ ನೋನ್ಬಿನ ಹಾಡುಗಳಾಗಿ. ಹತ್ತನೆಯದು ಶುರುವಾಗುವುದು ‘ನೋಱ್ಱು’ ಎಂಬ ಪದದಿಂದ, ಅಂದರೆ ನಮ್ಮ ‘ನೋಂತು’ವಿನಿಂದಲೇ. ಮಾರ್ಗಳಿ ತಿಂಗಳಲ್ಲಿ ದಿನಕ್ಕೊಂದು ಪಾಶುರದಂತೆ ಹಾಡುವಾಗ ಡಿಸೆಂಬರ್ ಕೊನೆಯ ವಾರದಲ್ಲಿ ಅದರ ಸರದಿ ಬರುತ್ತದೆ. ಆ ಮುಂಜಾನೆ ತಿರುವಲ್ಲಿಕ್ಕೇಣಿ, ಮೈಲಾಪುರಗಳಲ್ಲೂ ನಮ್ಮ ಮೇಲುಕೋಟೆಯಲ್ಲೂ ಈ ಭೂತಕೃದಂತ ದನಿಯೆತ್ತಿ ಕೇಳಿಸುತ್ತದೆ.

ಆಡುಮಾತಿನ ತಮಿಳಿನಲ್ಲಿ ಕ್ರಿಯಾಪದ ಹಿಂದೆ ಸರಿದಿದೆ, ಆದರೆ ‘ನೋನ್ಬು’ ಎಂಬ ನಾಮಪದ ಮತಭೇದವಿಲ್ಲದೆ ಬದುಕಿದೆ. ಕಾರಡೈಯಾನ್ ನೋನ್ಬು ಹಿಡಿಯುವ ಮನೆಗಳಲ್ಲಿ ಅಂದು ಕಡುಬಿನಂಥ ಅಡೆ, ಬೆಣ್ಣೆ. ರಂಜಾನ್ ಬಂದರೆ ಮಸೀದಿಗಳಲ್ಲಿ ನೋನ್ಬು ಕಂಜಿ. ಉಪವಾಸ ಬಿಡುವುದಕ್ಕೆ ‘ನೋನ್ಬು ತಿಱಪ್ಪು’ ಎಂದೇ ಹೆಸರು. ಒಂದೇ ದ್ರಾವಿಡ ಪದ ಎರಡು ಧರ್ಮಗಳ ಉಪವಾಸವನ್ನು ಸಹಜವಾಗಿ ಹೊತ್ತುಕೊಂಡಿದೆ.

ಮಲಯಾಳಂ ಇನ್ನೊಂದು ಹೆಜ್ಜೆ ಮುಂದಿದೆ. ಅಲ್ಲಿ ‘ನೋಂಬು’ ಮುಸ್ಲಿಮರ ರಂಜಾನಿಗೂ ಸಲ್ಲುತ್ತದೆ, ಸಿರಿಯನ್ ಕ್ರೈಸ್ತರ ಐವತ್ತು ದಿನಗಳ ಉಪವಾಸಕ್ಕೂ ಸಲ್ಲುತ್ತದೆ. ‘ನೋಲ್ಕ್ಕುಕ’ ಎಂಬ ಕ್ರಿಯಾಪದವೂ ‘ನೋಱ್ಱು’ ಎಂಬ ಭೂತರೂಪವೂ ಬಳಕೆಯಲ್ಲಿ ಉಳಿದಿವೆ.

ಎಲ್ಲಕ್ಕಿಂತ ಚುರುಕಾಗಿರುವುದು ತೆಲುಗು. ‘ನೋಚು’ ಎಂಬುದು ಅಲ್ಲಿ ಪೂರ್ತಿ ನಡೆಯುವ ಕ್ರಿಯಾಪದ. ‘ನೋಮು ನೋಚಿಂದಿ’ ಎಂದರೆ ವ್ರತ ನೋಂತಳು. ತೆಲುಗು ಪತ್ರಿಕೆಗಳು ಇದನ್ನು ಇನ್ನೂ ದೂರ ಕೊಂಡೊಯ್ದಿವೆ: ದುರಸ್ತಿಯ ಭಾಗ್ಯ ಕಾಣದ ರಸ್ತೆಯನ್ನು ‘ಮರಮ್ಮತುಲಕು ನೋಚುಕೋನಿ’ ರಸ್ತೆ ಎಂದು ಬರೆಯುತ್ತವೆ. ಚಂಪೂಕವಿಗಳ ‘ಏಂ ನೋಂತಳೋ’ ಉದ್ಗಾರದಲ್ಲಿ ಕಂಡ ಅರ್ಥವೇ ಇದು. ಕನ್ನಡದಲ್ಲಿ ಸಾವಿರ ವರ್ಷದ ಹಿಂದೆ ಕಾವ್ಯಕ್ಕೆ ಸೇರಿದ್ದ ಪ್ರಯೋಗ ತೆಲುಗಿನಲ್ಲಿ ಇಂದಿನ ಜಿಲ್ಲಾ ಸುದ್ದಿಯ ಪುಟದಲ್ಲಿ ಸಲೀಸಾಗಿ ಓಡಾಡುತ್ತಿದೆ. ನಮ್ಮ ಕೋಲಾರದ ಕಡೆ ದೀಪಾವಳಿಯ ಹೊತ್ತಿಗೆ ಕೇದಾರೇಶ್ವರನ ‘ನೋಮು’ ಎನ್ನುವುದು ಈ ನೆರೆಯ ನುಡಿಯ ಗಾಳಿಯಿಂದಲೇ.

ನಾಲ್ಕನ್ನೂ ಒಟ್ಟಿಗೆ ಇಟ್ಟರೆ ಕಾರಣ ಕಾಣುತ್ತದೆ. ತೆಲುಗಿನಲ್ಲಿ ಭೂತರೂಪ ‘ನೋಚಿ’. ಎಲ್ಲ ಸಾಮಾನ್ಯ ಧಾತುಗಳ ದಾರಿಯಲ್ಲೇ ನಡೆಯುವ ರೂಪ. ಕಲಿಯಲು ಕಷ್ಟವಿಲ್ಲ, ತಪ್ಪುವ ಭಯವಿಲ್ಲ, ಹಾಗಾಗಿ ಅದು ಬದುಕಿತು. ತಮಿಳು ಕನ್ನಡಗಳಲ್ಲಿ ಭೂತರೂಪ ಮೂಲದಿಂದ ದೂರ ಸರಿದಿದೆ. ಕಲಿತವರಿಗೆ ಬರುತ್ತದೆ, ಉಳಿದವರು ನಾಮಪದಕ್ಕೆ ಇನ್ನೊಂದು ಕ್ರಿಯಾಪದ ಅಂಟಿಸಿ ದಾಟಿಕೊಳ್ಳುತ್ತಾರೆ. ಮಲಯಾಳಂನ ರೂಪವೂ ಕಷ್ಟದ್ದೇ, ಆದರೆ ಎರಡು ಮೂರು ಧರ್ಮಗಳ ದಿನಬಳಕೆ ಅದನ್ನು ತೇಲಿಸಿ ಹಿಡಿದಿದೆ. ಅಂದರೆ ರೂಪ ಸುಲಭವಾಗಿರಬೇಕು, ಇಲ್ಲವೇ ಬಳಕೆ ಬಿಡದೆ ನಡೆಯುತ್ತಿರಬೇಕು. ಕನ್ನಡದಲ್ಲಿ ನೋನ್ ಧಾತುವಿಗೆ ಎರಡೂ ಇಲ್ಲವಾಯಿತು. ಅದು ಹೆಚ್ಚಾಗಿ ಬಾಳಿದ್ದು ಜೈನ ಸಾಹಿತ್ಯದ ಆವರಣದಲ್ಲಿ. ಆ ಆವರಣ ಕುಗ್ಗಿದಾಗ ಧಾತುವೂ ಕುಗ್ಗಿತು.

ಮೂಲ ರೂಪ ನೋಲ್ ಎಂದೋ ನೋನ್ ಎಂದೋ ಕೇಳುವುದೂ ಅಷ್ಟೇ ಸ್ವಾರಸ್ಯದ ಪ್ರಶ್ನೆ. ತಮಿಳು ಮಲಯಾಳಂಗಳ ಲಕಾರ ಹಳೆಯದೆಂದುಕೊಂಡರೆ ನಮ್ಮ ‘ತ’ಕ್ಕೆ ಒಳ್ಳೆಯ ಕಾರಣ ಸಿಗುತ್ತದೆ. ಕಲ್ ಧಾತು ತಮಿಳಿನಲ್ಲಿ ‘ಕಱ್ಱ’, ಕನ್ನಡದಲ್ಲಿ ‘ಕಲ್ತ’. ಅದೇ ಗುಂಪಿನ ನೋಲ್ ಅಲ್ಲಿ ‘ನೋಱ್ಱ’ ಆದರೆ ಇಲ್ಲಿ ‘ನೋಂತ’. ನೋಂಪಿಯಂಥ ರೂಪಗಳ ಅನುನಾಸಿಕ ಧಾತುವಿಗೂ ಹರಡಿ ನೋನ್ ನೆಲೆಗೊಂಡಿರಬಹುದು. ಆದರೆ ತಮಿಳಿನಲ್ಲೇ ಸಹಿಸು ಎಂಬ ಅರ್ಥದ ‘ನೋನ್’ ಕೂಡ ಇದೆ. ಮೇಲೆ ಹೇಳಿದ ‘ನೋನ್ಱಲ್’ ಅದರದೇ ರೂಪ. ಕನ್ನಡದ ರೂಪಕ್ಕೆ ಅದೂ ಆಧಾರವಾಗುತ್ತದೆ. ಎರಡನ್ನೂ ತೂಗಿ ನೋಡುವುದು ಸಾಧ್ಯವಾದದ್ದು ಅಕ್ಕಪಕ್ಕದ ನುಡಿಗಳ ಭೂತರೂಪಗಳು ದಾಖಲಾಗಿದ್ದರಿಂದ.

ಮದರಾಸಿನಲ್ಲಿ ಅಚ್ಚಾದದ್ದು

ಆ ದಾಖಲೆ ಹೇಗೆ ಆಯಿತು? ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಮದರಾಸಿನಲ್ಲಿ 1812ರಲ್ಲಿ ಆರಂಭವಾಯಿತು. ಕಂಪನಿಯ ಹೊಸ ಅಧಿಕಾರಿಗಳಿಗೆ ನಾಡನುಡಿ ಕಲಿಸುವುದು ಅದರ ಉದ್ದೇಶ. ದಕ್ಷಿಣದ ನುಡಿಗಳು ಸಂಸ್ಕೃತಜನ್ಯವಲ್ಲ, ತಮ್ಮದೇ ಬೇರುಳ್ಳ ಒಂದು ಕುಟುಂಬ ಎಂದು ಫ್ರಾನ್ಸಿಸ್ ವೈಟ್ ಎಲ್ಲಿಸ್ ಧಾತುಗಳನ್ನು ಹೋಲಿಸಿ ತೋರಿಸಿದ್ದು ಅಲ್ಲಿಯೇ, 1816ರಲ್ಲಿ, ಕ್ಯಾಂಬೆಲ್ಲನ ತೆಲುಗು ವ್ಯಾಕರಣದ ಪೀಠಿಕೆಗೆ ಬರೆದ ಟಿಪ್ಪಣಿಯಲ್ಲಿ. ಎಲ್ಲಿಸ್ ಆರಿಸಿಕೊಂಡ ಸಾಕ್ಷ್ಯದಲ್ಲಿ ಮುಖ್ಯವಾದದ್ದು ಧಾತುಗಳೇ ಎಂಬುದು ನೆನಪಿಡಬೇಕಾದ ಸಂಗತಿ. ನಾಮಪದಗಳನ್ನು ಒಂದು ನುಡಿ ಇನ್ನೊಂದರಿಂದ ಕಡ ತರಬಹುದು. ಧಾತು ಮತ್ತು ಅದರ ರೂಪಾವಳಿ ಸುಲಭಕ್ಕೆ ಕಡ ಬರುವುದಿಲ್ಲ. ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿ, ರೀವ್‌ನ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅದೇ ಊರಿನಿಂದ ಬಂದವು. 1838ರಲ್ಲಿ ಮದರಾಸಿಗೆ ಬಂದಿಳಿದ ರಾಬರ್ಟ್ ಕಾಲ್ಡ್‌ವೆಲ್ ತಿರುನೆಲ್ವೇಲಿಯ ಕಡೆ ನೆಲೆಸಿ, 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಹೊರತಂದರು.

ಕಿಟೆಲ್ಲರ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಬಂತು. ಸುಮಾರು 70,000 ಪದಗಳ ಆ ಗ್ರಂಥದಲ್ಲಿ ಅವರು ಮಾಡಿದ ಒಂದು ಪುಣ್ಯದ ಕೆಲಸವೆಂದರೆ ಧಾತುವಿನ ಪಕ್ಕದಲ್ಲಿ ಭೂತಕೃದಂತ ಕೊಟ್ಟದ್ದು. ‘ಮೀ’ ನೋಡಿದರೆ ‘ಮಿಂದು’ ಸಿಗುತ್ತದೆ. ಈ ನಿಘಂಟನ್ನು ಪರಿಷ್ಕರಿಸಿ ಹಿಗ್ಗಿಸಿದ ಆವೃತ್ತಿ ಮದರಾಸು ವಿಶ್ವವಿದ್ಯಾನಿಲಯದಿಂದ 1968–71ರಲ್ಲಿ ನಾಲ್ಕು ಸಂಪುಟಗಳಾಗಿ ಬಂತು. ಕೆಲಸ ನಡೆಸಿದವರು ಅಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಎಂ. ಮರಿಯಪ್ಪ ಭಟ್ಟರು. ಅವರೂ ಶಂಕರ ಕೆದಿಲಾಯರೂ ಸೇರಿ ಸಿದ್ಧಪಡಿಸಿದ ತುಳು–ಇಂಗ್ಲಿಷ್ ನಿಘಂಟನ್ನು ಇದೇ ವಿಶ್ವವಿದ್ಯಾನಿಲಯ 1967ರಲ್ಲಿ ಪ್ರಕಟಿಸಿತ್ತು. ಇನ್ನೂ ಹಿಂದೆ ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ‘ಕವಿರಾಜಮಾರ್ಗ’ವನ್ನು (1930) ಅಲ್ಲಿಂದ ಸಂಪಾದಿಸಿ ಕೊಟ್ಟಿದ್ದರು, ಲಿಂಗಣಾರಾಧ್ಯರ ವ್ಯಾಖ್ಯಾನದೊಡನೆ ‘ಶಬ್ದಮಣಿದರ್ಪಣ’ವನ್ನೂ ಕೊಟ್ಟಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು (1970–1995) ಕಾವ್ಯಶಾಸನಗಳ ಪ್ರಯೋಗಗಳನ್ನು ಎತ್ತಿ ಕೊಟ್ಟು ಈ ಪರಂಪರೆಗೆ ದೊಡ್ಡ ಬಲ ತಂದಿತು. ಬರೋ ಮತ್ತು ಎಮೆನೊ ಅವರ ದ್ರಾವಿಡ ಜ್ಞಾತಿಪದಕೋಶ (1961; ಪರಿಷ್ಕೃತ ಆವೃತ್ತಿ 1984) ಪ್ರತಿ ಧಾತುವಿನ ಪಕ್ಕ ಭೂತಾಂಗವನ್ನು ಕಂಸದಲ್ಲಿ ಕೊಡುತ್ತದೆ.

ಮದರಾಸು ವಿಶ್ವವಿದ್ಯಾನಿಲಯದ ತಮಿಳು ಲೆಕ್ಸಿಕನ್ (1924–36, ಆರು ಸಂಪುಟ) ಮಾತ್ರ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಅದು ಪ್ರತಿ ಕ್ರಿಯಾಪದಕ್ಕೂ ಒಂದು ಗಣಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಗೊತ್ತಾದರೆ ಮೂರು ಕಾಲದ ರೂಪಗಳನ್ನೂ ಓದುಗ ತಾನೇ ಕಟ್ಟಿಕೊಳ್ಳಬಹುದು. ಎಂದೂ ಕೇಳದ ಧಾತುವಾದರೂ ಸರಿ. ಕನ್ನಡದಲ್ಲಿ ಇಂಥ ಏರ್ಪಾಡು ಸಾಮಾನ್ಯ ಓದುಗರ ಕೈಗೆ ಸಿಗುವ ನಿಘಂಟುಗಳಲ್ಲಿ ರೂಢಿಗೆ ಬರಲಿಲ್ಲ.

‘ಮಾಡು’ ಎಂಬ ಸುಲಭದ ದಾರಿ

ರೂಪ ಮರೆತಾಗ ಏನಾಗುತ್ತದೆ ಎಂಬುದನ್ನು ನಮ್ಮ ಮಾತೇ ತೋರಿಸುತ್ತದೆ. ಮೀಯು ಬದಲು ಸ್ನಾನ ಮಾಡು. ಉಣ್ಣು ಬದಲು ಊಟ ಮಾಡು. ಈಯು ಬದಲು ದಾನ ಮಾಡು. ನೋನು ಬದಲು ವ್ರತ ಮಾಡು. ಮಾಡು ಧಾತುವಿಗೆ ಒಂದು ತೊಡಕೂ ಇಲ್ಲ: ಮಾಡಿದ, ಮಾಡುತ್ತಾನೆ, ಮಾಡುವನು, ಮಾಡನು. ಯಾವ ನಾಮಪದವನ್ನು ಕೊಟ್ಟರೂ ಹೊತ್ತುಕೊಳ್ಳುತ್ತದೆ. ಈಗ ಇಂಗ್ಲಿಷ್ ನಾಮಪದಗಳೂ ಅದೇ ಬಾಗಿಲಿನಿಂದ ಬರುತ್ತಿವೆ: ಫೋನ್ ಮಾಡು, ಬುಕ್ ಮಾಡು. ಇದರಿಂದ ನುಡಿಗೆ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಎಲ್ಲ ಕೆಲಸವೂ ಒಂದೇ ಕ್ರಿಯಾಪದಕ್ಕೆ ಬಿದ್ದಾಗ ಕ್ರಿಯೆಗಳ ನಡುವಿನ ವ್ಯತ್ಯಾಸ ನಾಮಪದಗಳಲ್ಲಿ ಮಾತ್ರ ಉಳಿಯುತ್ತದೆ. ನೋನುವುದರಲ್ಲಿ ಸಹನೆ ಇತ್ತು, ಸಂಕಲ್ಪ ಇತ್ತು, ಬಯಸಿದ ಫಲದ ಕಡೆಗೆ ಇಟ್ಟ ನೋಟ ಇತ್ತು. ‘ವ್ರತ ಮಾಡಿದಳು’ ಎಂದಾಗ ಪೂಜೆಯ ಸಾಮಗ್ರಿ ಕಾಣುತ್ತದೆ, ನೋಂತವಳು ಹಿನ್ನೆಲೆಗೆ ಹೋಗುತ್ತಾಳೆ.

ಎಲ್ಲೆಡೆಯೂ ಹೀಗಾಗಿಲ್ಲ ಎಂಬುದು ಸಮಾಧಾನದ ಮಾತು. ಕರಾವಳಿಯಲ್ಲಿ, ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ಜನ ಇಂದಿಗೂ ಮೀಯುತ್ತಾರೆ, ಮಿಂದು ಬರುತ್ತಾರೆ. ಹಳೇ ಮೈಸೂರಿನ ಕಡೆ ಎಮ್ಮೆ ಈಯುತ್ತದೆ. ಒಲೆಯ ಮೇಲಿನ ಅನ್ನ ಎಲ್ಲರ ಮನೆಯಲ್ಲೂ ಸೀದುಹೋಗುತ್ತದೆ. ‘ಸೀ’ ಧಾತುವಿನ ಭೂತರೂಪ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಈ ಧಾತುಗಳ ಅರ್ಥ ನೋನ್ ಧಾತುವಿನದಕ್ಕಿಂತ ಸುಲಭವೇನಲ್ಲ. ಮಕ್ಕಳು ಅವುಗಳ ಭೂತರೂಪವನ್ನು ದಿನವೂ ಕೇಳುತ್ತಾ ಬೆಳೆಯುತ್ತಾರೆ, ಅದೇ ವ್ಯತ್ಯಾಸ.

ಮುಂದೇನು

ಇಷ್ಟನ್ನು ಒಟ್ಟಿಗೆ ನೋಡಿದ ಮೇಲೆ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಮೊದಲನೆಯದು ನಿಘಂಟಿನದು. ಕನ್ನಡದ ಯಾವ ನಿಘಂಟೂ, ಮುದ್ರಿತವಾಗಲಿ ಮೊಬೈಲಿನದಾಗಲಿ, ಕ್ರಿಯಾಪದವನ್ನು ಅರ್ಥವೊಂದರಿಂದಲೇ ಮುಗಿಸಬಾರದು. ಭೂತ, ಭವಿಷ್ಯತ್, ನಿಷೇಧ ಈ ಮೂರು ರೂಪಗಳನ್ನು ಪ್ರತಿ ಧಾತುವಿನ ಮುಂದೆ ಕೊಡಬೇಕು. ‘ನೋಂತು’, ‘ಮಿಂದು’, ‘ಆಂತು’ ಎಂದು ಹುಡುಕಿದವರಿಗೆ ನೋನ್, ಮೀ, ಆನ್ ಧಾತುಗಳ ಪುಟ ತೆರೆಯಬೇಕು. ಕಾವ್ಯ ಓದುವ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ರೂಪ. ಧಾತು ಯಾವುದೆಂದು ಮೊದಲೇ ಗೊತ್ತಿದ್ದರೆ ಅವನಿಗೆ ನಿಘಂಟು ಬೇಕಾಗುತ್ತಲೇ ಇರಲಿಲ್ಲ. ತಮಿಳು ಲೆಕ್ಸಿಕನ್ನಿನ ಗಣಸಂಖ್ಯೆಯಂಥದನ್ನು ಕನ್ನಡಕ್ಕೂ ಹೊಂದಿಸುವುದು ಸಾಧ್ಯ, ಕೇಶಿರಾಜನ ಧಾತುಪಾಠ ಮತ್ತು ಕಿಟೆಲ್ಲರ ಕೃದಂತಗಳು ಅದಕ್ಕೆ ತಳಹದಿ ಹಾಕಿಟ್ಟಿವೆ.

ಎರಡನೆಯದು ತರಗತಿಯದು. ಪಂಪನ ನಿರ್ನಾಮಿಕೆಯ ಪ್ರಸಂಗ ಪಾಠಕ್ಕೆ ಬಂದಾಗ ‘ನೋಂತು = ವ್ರತ ಮಾಡಿ’ ಎಂದು ಅಂಚಿನಲ್ಲಿ ಬರೆಸಿ ಮುಂದೆ ಹೋಗಬಾರದು. ನೋನ್ ಧಾತುವಿನ ಹತ್ತು ರೂಪಗಳನ್ನು ಹಲಗೆಯ ಮೇಲೆ ಬರೆದು, ನೊಂದು ಎಂಬುದರ ಜೊತೆ ಇಟ್ಟು, ಮಕ್ಕಳಿಂದ ವಾಕ್ಯ ಮಾಡಿಸಬೇಕು. ನಿಲ್ಲು, ನಿಂತ ಎನ್ನಬಲ್ಲ ಮಗುವಿಗೆ ನೋನು, ನೋಂತ ಎನ್ನುವುದು ಕಷ್ಟವೇನಲ್ಲ.

ಮೂರನೆಯದು ಬರೆಯುವವರದು. ಹಳೆಯ ಪದವೊಂದನ್ನು ಅಲಂಕಾರಕ್ಕಾಗಿ ಎತ್ತಿ ತಂದರೆ ಅದು ಒಂದು ಸಲ ಮಿನುಗಿ ಹೋಗುತ್ತದೆ. ‘ನೋಂಪಿ’ ಎಂಬ ನಾಮಪದವನ್ನು ಕವಿತೆಯ ತಲೆಬರಹಕ್ಕೆ ಬಳಸುವವರು ಸಾಕಷ್ಟು ಮಂದಿ ಇದ್ದಾರೆ. ಬೇಕಾದ್ದು ಕ್ರಿಯಾಪದ, ಅದೂ ಸಾಮಾನ್ಯ ಗದ್ಯದಲ್ಲಿ. ಮಗನ ಓದಿಗಾಗಿ ಇಪ್ಪತ್ತು ವರ್ಷ ಒಂದೇ ಸೀರೆಯಲ್ಲಿ ಕಳೆದ ತಾಯಿಯ ಬಗ್ಗೆ ಬರೆಯುವಾಗ ‘ಅವಳು ನೋಂತಳು’ ಎಂದು ಬರೆಯಬಹುದು. ಊರಿಗೆ ನೀರು ಬರುವವರೆಗೆ ಧರಣಿ ಬಿಡದೆ ಕೂತವರ ಬಗ್ಗೆ ‘ನೋಂತರು’ ಎಂದು ಬರೆಯಬಹುದು. ಉಪವಾಸ, ಪೂಜೆಗಳ ಆಚೆಗೂ ಸಲ್ಲುವ ಧಾತು ಇದು. ತೆಲುಗು ಪತ್ರಿಕೆಗಳು ರಸ್ತೆಯ ದುರಸ್ತಿಗೂ ಅದನ್ನು ದುಡಿಸಿಕೊಳ್ಳುತ್ತಿವೆ. ಸಹಿಸುವುದು, ಸಂಕಲ್ಪಿಸುವುದು, ಫಲಕ್ಕಾಗಿ ಕಾಯುವುದು ಮೂರನ್ನೂ ಒಂದೇ ಪದದಲ್ಲಿ ಹೇಳುವ ಕ್ರಿಯಾಪದ ಕನ್ನಡಕ್ಕೆ ಇಂದಿಗೂ ಬೇಕು. ಅದರ ರೂಪಗಳೆಲ್ಲ ಕಲ್ಲಿನಲ್ಲೂ ಕಾವ್ಯದಲ್ಲೂ ನಿಘಂಟಿನಲ್ಲೂ ಸಿದ್ಧವಾಗಿವೆ. ಅವನ್ನು ಕಲಿತು ವಾಕ್ಯದಲ್ಲಿ ಇಡುವ ಕೆಲಸ ನಮ್ಮದು.